ಪಟ್ಟಿಯಲ್ಲಿಲ್ಲದ ತೂಕ

ಅಶೋಕ ರಸ್ತೆಯ ನಮ್ಮ ಅಂಗಡಿಗೆ ಸವರಿಮುತ್ತು ಬಂದ
ಅಕ್ಕಿಚೀಲದಲ್ಲಿ ಸಿಂಬಲ್ ಸುತ್ತಿಕೊಂಡು.
ಗಾಂಧಿನಗರದಿಂದ ಸೈಕಲ್ ಹ್ಯಾಂಡಲ್ಲಿಗೆ ನೇತಾಡಿಸಿ ತಂದನಂತೆ,
ದಾರಿಯುದ್ದಕ್ಕೂ ಮೊಣಕಾಲಿಗೆ ಬಡಿದು
ಗೊಣಗುತ್ತಲೇ ಇತ್ತಂತೆ.

‘ಇದೇ ಬೇಕು ಮೇಡಂ. ಹದಿನಾರಿಂಚು, ತೆಳು.
ಸಾವಿರದ ನಲವತ್ತು ಗ್ರಾಂ.’

ನಾನು ಬಿಲ್ಲು ಬರೆಯುವವಳು, ಹನ್ನೊಂದು ವರ್ಷದಿಂದ.
ಪಿಟೀಲಿನ ತಂತಿ, ಹಾರ್ಮೋನಿಯಂ ರೀಡು, ತಬಲದ ಸುತ್ತಿಗೆ,
ಎಲ್ಲದರ ಬೆಲೆಯೂ ನಾಲಗೆಯ ತುದಿಯಲ್ಲಿದೆ.
ಈ ಸಾಲನ್ನು ನಿಲ್ಲಿಸಿದ್ದೇವೆ ಎಂದು
ಕಂಪನಿಯ ಕಾಗದ ಬಂದು ನಾಲ್ಕು ವರ್ಷವಾಯಿತು.
ಎರಡು ವಾಕ್ಯ, ಒಂದು ರಬ್ಬರ್ ಸ್ಟಾಂಪು.
ಕಾರಣ ಬರೆದಿರಲಿಲ್ಲ.

ಆದರೂ ಹಳೆಯ ಬೆಲೆಪಟ್ಟಿ ಬಿಡಿಸಿದೆ:
ತೆಳು. ನಡು. ಭಾರ.
ಒಂದೇ ಅಗಲದ ಮೂರು ತಟ್ಟೆ, ಮೂರು ತೂಕ.
ತೆಳುವಿನ ಮುಂದೆ ಗೀಟು, ನಡುವಿನ ಮುಂದೆ ಗೀಟು.
ಭಾರದ್ದೊಂದು ಅಟ್ಟದಲ್ಲಿ ಕೂತಿತ್ತು, ಯಾರಿಗೂ ಬೇಡದೆ.
ಇಳಿಸಿದೆ. ಧೂಳು ಒರೆಸಿದೆ.
ಅವನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ
ಕಾದ, ಕಾದ, ಕೊನೆಗೆ ಅಂಗೈಯಿಂದ ಅದರ ಬಾಯಿ ಮುಚ್ಚಿದ.
‘ಇದು ಹೇಳಿದ್ದನ್ನೇ ಹೇಳ್ತದೆ, ನಮ್ಮ ಮಾವನ ಹಂಗೆ.
ತೆಳೂದು ಹಂಗಲ್ಲ. ಒಂದು ಮಾತು ಅಂದು ಸುಮ್ಕಾಗ್ತದೆ.
ಹಾಡೋರಿಗೆ ಉಸಿರು ತಗೊಳಕ್ಕೆ ಜಾಗ ಬಿಡ್ತದೆ.’

ಚೀಲ ಬಿಚ್ಚಿ ತೋರಿಸಿದ.
ಪಾಂಡವಪುರ, ಮದ್ದೂರು, ಕೆ.ಆರ್. ಪೇಟೆ,
ಇಪ್ಪತ್ತಾರು ವರ್ಷದ ಆರ್ಕೆಸ್ಟ್ರಾ ಅದರ ಮೈಮೇಲಿತ್ತು,
ಕೋಲು ಬಿದ್ದ ಕಡೆಯೆಲ್ಲ ಕಂದು.
ಒಂದು ಕ್ರಿಸ್‌ಮಸ್ಸಿಗೆ ಹೆಂಡತಿ ಪಾತ್ರೆಗಳ ಜೊತೆ ಇದನ್ನೂ
ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿಬಿಟ್ಟಳಂತೆ;
ಅಡಿಯಲ್ಲಿ ಬರೆದಿದ್ದ ತೂಕವೂ ಅಳಿಸಿಹೋಗಿ
ಮೂರು ತಿಂಗಳು ದನಿ ಎಳಸಾಗಿತ್ತಂತೆ.
ಅಂಚಿನಲ್ಲಿ ಬಿರುಕು, ಕೂದಲೆಳೆಯಷ್ಟು.
ತಟ್ಟಿದರೆ ಎಲ್ಲ ಸರಿ, ಕೊನೆಗೊಂದು ಕೆಮ್ಮು.

‘ಈಗ ಪ್ಯಾಡ್ ಬಂದಿದೆಯಲ್ಲ,’ ಎಂದೆ. ಅನ್ನಬಾರದಿತ್ತು.
‘ಬಂದದೆ,’ ಎಂದ.

ಮಂಡಿ ಮೊಹಲ್ಲಾದ ಇನಾಯತ್ ಸಾಬರ ಲೇತಿಗೆ ಹೋದೆವು.
ಪಂಪ್‌ಸೆಟ್ಟಿನ ಬುಶ್ ತಿರುಗಿಸುವ ಕೈ ಅವರದು.
ಬಿರುಕಿನ ಸುತ್ತ ಸೀಮೆಸುಣ್ಣದಲ್ಲಿ ಬಿದಿಗೆ ಚಂದ್ರನನ್ನು ಬರೆದು
ಇಷ್ಟು ಹೋಗಲೇಬೇಕು, ಎಂದರು.
ಸವರಿಮುತ್ತು ಗೋಡೆಯ ಕಡೆ ತಿರುಗಿ ನಿಂತ.
‘ಬಿಸಿಯಾದ್ರೆ ಸತ್ತೋಯ್ತದೆ, ನೀರು ಬಿಡ್ತಾ ಇರಿ ಮೇಡಂ.’
ನಾನು ಟೀ ಅಂಗಡಿಯ ಲೋಟದಲ್ಲಿ ಬಿಡುತ್ತಿದ್ದೆ
ಹನಿ ಹನಿ, ಮಗುವಿನ ತಲೆಗೆ ಬಿಟ್ಟ ಹಾಗೆ.

ಬಂದು, ಪಕ್ಕದ ಚಂಪಾಲಾಲ್ ಸೇಟಿನ ಅಂಗಡಿಯಲ್ಲಿ ತೂಗಿಸಿದೆವು.
ಗಾಜಿನ ಬಾಗಿಲು ತೆಗೆಸಿ, ಫ್ಯಾನು ನಿಲ್ಲಿಸಿ,
ಬಂಗಾರದ ತಕ್ಕಡಿಯ ಮೇಲೆ ಕಂಚು.
‘ಸದ್ದು ಮಾಡುವುದೆಲ್ಲ ಅಗ್ಗದ ಮಾಲು,’ ಎಂದು ಸೇಟು ನಕ್ಕ,
ಅಂಕಿ ನಿಲ್ಲುವ ತನಕ ತಾನೂ ಉಸಿರು ಹಿಡಿದಿದ್ದ.
ಸಾವಿರದ ಇಪ್ಪತ್ತೈದು.
ಕತ್ತರಿಸಿದ ಚೂರು ಹನ್ನೆರಡು.
ಉಳಿದ ಮೂರು ಗ್ರಾಂ
ಸಾಬರ ಗಡ್ಡದಲ್ಲಿತ್ತು, ನನ್ನ ಸೆರಗಿನಲ್ಲಿತ್ತು.

ಸ್ಟ್ಯಾಂಡಿಗೆ ಏರಿಸಿ ಕೋಲು ಬೀಸಿದ.
ಕೆಮ್ಮು ಇರಲಿಲ್ಲ. ಹಳೆಯ ದನಿಯೂ ಇರಲಿಲ್ಲ.
ತುಸು ಮೇಲಿನ ದನಿ, ತುಸು ಅವಸರ,
ಹಲ್ಲು ಬಿದ್ದವರು ಹೆಸರು ಹೇಳಿದ ಹಾಗೆ.
ಇನ್ನೊಮ್ಮೆ ಬೀಸಿದ. ತಲೆ ಓರೆ ಮಾಡಿದ.
‘ಇದ್ಯಾರೋ ಬೇರೆ,’ ಎಂದ. ‘ಇರಲಿ. ಪರಿಚಯ ಮಾಡ್ಕೋತೀನಿ.’

ಬಿಲ್ಲು ಕೇಳಿದ. ಯಾವುದಕ್ಕೆಂದು ಬರೆಯಲಿ?
ಅವನು ಹೋದ ಮೇಲೆ ಬೆಲೆಪಟ್ಟಿಯಲ್ಲಿ
ತೆಳುವಿಗಿಂತ ಮೇಲೆ, ಪೆನ್ಸಿಲ್ಲಿನಲ್ಲಿ, ಅಂಕಿ ಬರೆದೆ.
ಬೆಲೆಯ ಜಾಗ ಹಾಗೇ ಬಿಟ್ಟೆ.

ಭಾರದ್ದನ್ನು ಮತ್ತೆ ಅಟ್ಟಕ್ಕೆ ಏರಿಸುವಾಗ
ಏಣಿಗೆ ತಗುಲಿತು.
ದೀಪ ಆರಿಸಿ, ಷಟರ್ ಎಳೆದು, ಬೀಗ ಎರಡು ಸಲ ಜಗ್ಗಿ ನೋಡಿದೆ;
ಒಳಗೆ ಅದು ಇನ್ನೂ
ಹೇಳಿದ್ದನ್ನೇ ಹೇಳುತ್ತಿತ್ತು.